ಮಾವನ ಗಾಡಿ ಏನು ಕುಡಿಯುತ್ತದೆ?

ಮನುಷ್ಯರನ್ನು ಜಾತಿಯಿಂದ ಅಳೆಯುವವರನ್ನು ನೋಡಿದ್ದೇನೆ. ಜಮೀನಿನಿಂದ ಅಳೆಯುವವರನ್ನು ನೋಡಿದ್ದೇನೆ. ಕಾಲಿನ ಚಪ್ಪಲಿ ನೋಡಿಯೇ ಟಿಕೆಟ್ ತೆಗೆಯುವ ಗಿರಾಕಿಯೋ ಅಲ್ಲವೋ ಎಂದು ಅಳೆದುಬಿಡುವ ಬಸ್ ಕಂಡಕ್ಟರುಗಳನ್ನೂ ನೋಡಿದ್ದೇನೆ. ಆದರೆ ಮನುಷ್ಯಕುಲದಲ್ಲಿ ಇರುವುದು ಎರಡೇ ಪಂಗಡ, ಒಂದು ಪೆಟ್ರೋಲಿನವರು, ಇನ್ನೊಂದು ಡೀಸೆಲ್ಲಿನವರು ಎಂದು ನಂಬಿದ್ದವರು ನನಗೆ ಗೊತ್ತಿರುವಂತೆ ಈ ಭೂಮಿಯ ಮೇಲೆ ಒಬ್ಬರೇ. ಅವರು ನನ್ನ ಸೋದರಮಾವ!

ಪೆಟ್ರೋಲಿನವರೆಂದರೆ ಕಿಡಿ ತಗುಲಿದ ಕೂಡಲೇ ಭಗ್ಗೆನ್ನುವವರು. ನಮ್ಮವ್ವ ಆ ಪಂಗಡ. ಡೀಸೆಲ್ಲಿನವರು ಬಿಸಿಯಾಗುವುದಕ್ಕೇ ಅರ್ಧ ಹೊತ್ತು. ಬಿಸಿಯಾದ ಮೇಲೆ ಗುಡ್ಡವನ್ನಾದರೂ ಎಳೆಯುತ್ತಾರೆ. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಹುಡುಗ ಒಂದು ಗಂಟೆ ಕುಳಿತು, ಎರಡು ತಟ್ಟೆ ಉಪ್ಪಿಟ್ಟು ತಿಂದು, "ನೀರು" ಎಂಬ ಒಂದೇ ಒಂದು ಮಾತಾಡಿ ಎದ್ದುಹೋದರು. ಅಪ್ಪನಿಗೆ ಬೇಸರವಾಯಿತು. ಅವ್ವನಿಗೆ ಹುಡುಗನ ನಾಲಗೆಯ ಬಗ್ಗೆಯೇ ಅನುಮಾನ ಬಂತು. ಮೂಲೆಯಲ್ಲಿ ಕುಳಿತಿದ್ದ ಮಾವ ತೀರ್ಪು ಕೊಟ್ಟರು:

"ಅಕ್ಕಾ, ಹುಡುಗ ಅಸಲಿ ಡೀಸೆಲ್ಲು. ಸ್ಟಾರ್ಟ್ ಆಗೋದು ಲೇಟು. ಕಣ್ಮುಚ್ಚಿ ಕೊಟ್ಬಿಡು, ಲೋಡ್ ಎಳಿತಾನೆ."

ಕೊಟ್ಟುಬಿಟ್ಟರು. ಲೋಡೇನೋ ಇಂದಿಗೂ ಎಳೆಯುತ್ತಿದ್ದಾರೆ, ಸುಳ್ಳು ಹೇಳಬಾರದು. ಸ್ಟಾರ್ಟ್ ಆಗುವುದನ್ನು ನಾನು ಇನ್ನೂ ಕಾಯುತ್ತಿದ್ದೇನೆ!

ಮಾವನಿಗೆ ಚಳ್ಳಕೆರೆಯಲ್ಲಿ ಪಂಪ್‌ಸೆಟ್ ಮೋಟರು ರಿಪೇರಿ ಅಂಗಡಿ. ಸುಟ್ಟುಹೋದ ಮೋಟರಿಗೆ ಹೊಸ ತಂತಿ ಸುತ್ತಿಕೊಡುವುದು ಕಸುಬು. ಬೋರ್‌ವೆಲ್ಲುಗಳೇನು ಅಂಗಡಿಗೆ ನಡೆದು ಬರುತ್ತವೆಯೇ? ಇವರೇ ಹೋಗಬೇಕು. ಬೆಳಿಗ್ಗೆ ದೊಡ್ಡಉಳ್ಳಾರ್ತಿಯಲ್ಲಿದ್ದರೆ ಮಧ್ಯಾಹ್ನ ಬಿ.ಜಿ. ಕೆರೆ, ಸಂಜೆಗೆ ಮೊಳಕಾಲ್ಮೂರು. ಹಾಗಾಗಿ ಗಾಡಿಯೊಂದು ಬೇಕೇ ಬೇಕಿತ್ತು. ಆ ಗಾಡಿ ಯಾವುದನ್ನು ಕುಡಿದರೆ ಅಗ್ಗ ಎಂಬ ಪ್ರಶ್ನೆಗೆ ನಮ್ಮ ಮಾವ ತಮ್ಮ ಯೌವನವನ್ನೂ, ಅತ್ತೆಯ ನೆಮ್ಮದಿಯನ್ನೂ ಧಾರೆ ಎರೆದರು. ಅವರಿಗೆ ಮಕ್ಕಳಿರಲಿಲ್ಲ. "ನಮಗೆ ಮಕ್ಕಳಿಲ್ಲ ಅಂತ ಯಾರಂದ್ರು? ಹೊತ್ತೊತ್ತಿಗೆ ಕುಡಿಸಬೇಕು, ನೆಗಡಿ ಆದ್ರೆ ನೋಡಬೇಕು, ಗಾಡಿಗಳಿಲ್ವಾ!" ಎಂದು ಅತ್ತೆಯೇ ನಗುತ್ತಿದ್ದರು.

ಪೆಟ್ರೋಲ್ ದರ ಏರಿತೆಂದು ವಾರ್ತೆಯಲ್ಲಿ ಬಂದ ದಿನ ಆ ಮನೆಗೆ ಸೂತಕ. ಮಾವ ಟವೆಲ್ಲನ್ನು ತಲೆಗೆ ಸುತ್ತಿಕೊಂಡು ಜಗಲಿಯ ಮೇಲೆ ಕೂರುತ್ತಿದ್ದರು. ಅಕ್ಕಪಕ್ಕದವರು ಒಬ್ಬೊಬ್ಬರೇ ಬಂದು, "ಹೋಗ್ಲಿ ಬಿಡ್ರಿ, ನಮ್ ಕೈಯಾಗೇನೈತೆ" ಎಂದು ಸಮಾಧಾನ ಹೇಳಿ, ಚಹಾ ಕುಡಿದು ಹೋಗುತ್ತಿದ್ದರು. ನಾನು ಅದೇ ಬೀದಿಯಲ್ಲಿ ನಾಲ್ಕು ಮನೆ ಆಚೆ ಇದ್ದೆ. ಬಿ.ಜಿ. ಕೆರೆಯ ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಹಾಗಾಗಿ ಈ ಪುರಾಣದ ಎಲ್ಲ ಅಧ್ಯಾಯಗಳಿಗೂ ನಾನೇ ಸಾಕ್ಷಿ.

ಮೊದಲ ಅಧ್ಯಾಯ ಸ್ಕೂಟರಿನದು. ತೊಂಬತ್ತರ ದಶಕ ಆಗತಾನೆ ಶುರುವಾಗಿತ್ತು. ಆ ಸ್ಕೂಟರಿನಲ್ಲಿ ಪೆಟ್ರೋಲ್ ಖಾಲಿಯಾದರೆ, ಅದನ್ನು ಒಂದು ಪಕ್ಕಕ್ಕೆ ಮಲಗಿಸಿ ಎಬ್ಬಿಸಿದಾಗ ತಳದ ಹನಿಗಳು ಇಳಿದು ಇನ್ನೊಂದು ಮೈಲಿ ಓಡುತ್ತದೆ ಎಂಬ ವಿದ್ಯೆಯನ್ನು ಮಾವ ಯಾರಿಂದಲೋ ಕಲಿತರು. ಕಲಿತ ಮೇಲೆ ಪೆಟ್ರೋಲ್ ಹಾಕಿಸುವುದನ್ನೇ ಮರೆತರು! ಅತ್ತೆ ರೇಷ್ಮೆ ಸೀರೆ ಉಟ್ಟು ಹಿಂದೆ ಕುಳಿತಿರುತ್ತಿದ್ದರು. ಮೈಲಿಗೊಮ್ಮೆ ಇಳಿಯಬೇಕು, ಸ್ಕೂಟರು ಮಲಗಬೇಕು, ಎದ್ದೇಳಬೇಕು, ಅತ್ತೆ ಮತ್ತೆ ಹತ್ತಬೇಕು. "ನಮ್ ಸ್ಕೂಟರು ನಿಂತು ಓಡಿದ್ದಕ್ಕಿಂತ ಮಲಗಿ ಎದ್ದಿದ್ದೇ ಜಾಸ್ತಿ. ಬಾಣಂತಿನೂ ಇಷ್ಟು ಮಲಗಲ್ಲ" ಎಂದು ಅತ್ತೆ ಮದುವೆಮನೆಗಳಲ್ಲಿ ಹೇಳಿ ನಗಿಸುತ್ತಿದ್ದರು.

ಹೀಗಿರುವಾಗ ಮಾವನ ಕಿವಿಗೆ ಒಂದು ಸುದ್ದಿ ಬಿತ್ತು. ಗಡಿಯಾಚೆ ಆಂಧ್ರದಲ್ಲಿ ಪೆಟ್ರೋಲ್ ಬಹಳ ಅಗ್ಗವಂತೆ! ಯಾರು ಹೇಳಿದರು? ಗೊತ್ತಿಲ್ಲ. ಎಷ್ಟು ಅಗ್ಗ? ಗೊತ್ತಿಲ್ಲ. ಅಗ್ಗ ಎಂಬ ಎರಡಕ್ಷರ ಕಿವಿಗೆ ಬಿದ್ದ ಮೇಲೆ ಮಾವ ಉಳಿದದ್ದನ್ನು ಕೇಳಿಸಿಕೊಳ್ಳುವವರೇ ಅಲ್ಲ. ಮಾರನೆಯ ಬೆಳಿಗ್ಗೆ ಸ್ಕೂಟರಿಗೆ ಎರಡು ದೊಡ್ಡ ಕ್ಯಾನು ಕಟ್ಟಿಕೊಂಡು, ಮೊಳಕಾಲ್ಮೂರು ದಾಟಿ, ರಾಯದುರ್ಗದ ದಾರಿ ಹಿಡಿದರು. ಬಿಸಿಲೆಂದರೆ ಬಿಸಿಲು. ಗಡಿಯ ಹತ್ತಿರ ಹುಣಸೆಮರವೊಂದರ ಕೆಳಗೆ ನಿಂತು ಬೆವರು ಒರೆಸಿಕೊಳ್ಳುತ್ತಿರುವಾಗ, ಎದುರಿನಿಂದ ಮೊಪೆಡ್ಡಿನಲ್ಲಿ ಒಬ್ಬಾತ ಬಂದ. ಅವನ ಮೊಪೆಡ್ಡಿಗೂ ಕ್ಯಾನು!

ಮಾವನಿಗೆ ತೆಲುಗು ಚೆನ್ನಾಗಿ ಬರುತ್ತಿತ್ತು. ಆ ಕಡೆ ಯಾರಿಗೆ ತಾನೆ ಬರುವುದಿಲ್ಲ! "ಎಕ್ಕಡಿಕಿ ಅಣ್ಣಾ?" ಎಂದು, ಎಲ್ಲಿಗೆ ಹೊರಟಿರಿ ಎಂದು ಕೇಳಿದರು.

"ಮೊಳಕಾಲ್ಮೂರುಕಿ. ಮೀ ದಗ್ಗರ ಪೆಟ್ರೋಲು ಚೌಕ ಅಂಟ ಕದಾ!" ಎಂದ ಆತ. ಎಂದರೆ, ನಿಮ್ಮಲ್ಲಿ ಪೆಟ್ರೋಲು ಅಗ್ಗವಂತಲ್ಲ ಎಂದು!

ಇಬ್ಬರೂ ಹುಣಸೆಮರದ ಕೆಳಗೆ ಕುಳಿತರು. ಆತ ಬೀಡಿ ಕೊಟ್ಟ, ಮಾವ ಹುರಿದ ಶೇಂಗಾ ಕೊಟ್ಟರು. ತಮ್ಮ ತಮ್ಮ ರಾಜ್ಯದ ದರಗಳನ್ನು ಒಬ್ಬರಿಗೊಬ್ಬರು ಹೇಳಿಕೊಂಡರು. ನೋಡಿದರೆ, ಇದ್ದ ವ್ಯತ್ಯಾಸ ಪೈಸೆಗಳಲ್ಲಿ. ಇಷ್ಟೆಲ್ಲ ಆದ ಮೇಲೆ ಇಬ್ಬರು ಬುದ್ಧಿವಂತರು ಏನು ಮಾಡಬೇಕು? ಗಾಡಿ ತಿರುಗಿಸಿಕೊಂಡು ಮನೆಗೆ ಹೋಗಬೇಕು. ಇವರು ಏನು ಮಾಡಿದರು ಗೊತ್ತೇ? ಮಾವ ಆಂಧ್ರಕ್ಕೆ ಹೋದರು, ಆತ ಕರ್ನಾಟಕಕ್ಕೆ ಬಂದ! ಕ್ಯಾನು ಕಟ್ಟಿಕೊಂಡು ಹೊರಟ ಗಂಡಸು ಖಾಲಿ ಕ್ಯಾನು ತಂದರೆ ಊರಿನಲ್ಲಿ ಮರ್ಯಾದೆ ಉಳಿಯುತ್ತದೆಯೇ?

"ಅಲ್ಲೀಗಂಟ ಹೋಗಿ ಬರಾಕೆ ಎಷ್ಟು ಸುಟ್ಟಿತು?" ಎಂದು ಅತ್ತೆ ಬಾಗಿಲಲ್ಲೇ ಕೇಳಿದರು.

"ಅದು ಬ್ಯಾರೆ ವಿಷಯ, ಇದು ಬ್ಯಾರೆ ವಿಷಯ. ಎರಡೂ ಕಲಸಬ್ಯಾಡ," ಎಂದರು ಮಾವ.

ಆಮೇಲೆ ಮಾವನಿಗೆ ಜ್ಞಾನೋದಯವಾಯಿತು. ತಪ್ಪು ಊರಿನದಲ್ಲ, ಪೆಟ್ರೋಲಿನದು! ಡೀಸೆಲ್ಲಿನ ಬೆಲೆ ಎಲ್ಲಿ, ಪೆಟ್ರೋಲಿನ ಬೆಲೆ ಎಲ್ಲಿ! ಸ್ಕೂಟರನ್ನು ಮಾರಿ, ಸರ್ಕಾರಿ ಹರಾಜಿನಲ್ಲಿ ಯಾರೋ ಹಿಡಿದಿದ್ದ ಹಳೆಯ ಡೀಸೆಲ್ ಜೀಪೊಂದನ್ನು ಕೊಂಡು ತಂದರು. ತಂದ ದಿನ ಮಾವನ ಮುಖ ನೋಡಬೇಕಿತ್ತು. ಬೀದಿಯವರನ್ನೆಲ್ಲ ಕರೆದು ಬಾನೆಟ್ ಎತ್ತಿ ತೋರಿಸಿದರು. ಒಳಗೆ ಏನಿದೆ ಎಂದು ನಮಗ್ಯಾರಿಗೂ ತಿಳಿಯಲಿಲ್ಲ. ಆದರೂ ಎಲ್ಲರೂ ತಲೆದೂಗಿದೆವು.

ಜೀಪು ನನ್ನ ಗಂಡನ ಪಂಗಡದ್ದೇ. ಬೆಳಗಿನ ಚಳಿಯಲ್ಲಿ ಅದನ್ನು ಎಬ್ಬಿಸುವುದೆಂದರೆ ಕುಂಭಕರ್ಣನನ್ನು ಎಬ್ಬಿಸಿದ ಹಾಗೆ. ತಳ್ಳಲು ಆರು ಜನ ಬೇಕಿತ್ತು. ಬೀದಿಯ ಕೊನೆಯ ತನಕ ತಳ್ಳಿದರೆ ಒಮ್ಮೆ ಕೆಮ್ಮುತ್ತಿತ್ತು. ವಾಪಸು ತಿರುಗಿಸಿ ತಳ್ಳಿದರೆ ಎರಡನೆಯ ಸಲ ಕೆಮ್ಮುತ್ತಿತ್ತು. ಮೂರನೆಯ ಕೆಮ್ಮಿಗೆ ಊರಿಗೆಲ್ಲ ಕರಿಹೊಗೆ ಹಾಕಿ ಎದ್ದು ನಿಲ್ಲುತ್ತಿತ್ತು. ತಳ್ಳಿದ ಆರೂ ಜನಕ್ಕೆ ಅತ್ತೆ ಚಹಾ ಮಾಡಿಕೊಡಬೇಕು. ಬರಬರುತ್ತ ತಳ್ಳುವವರು ಹತ್ತು ಜನರಾದರು. ಚಹಾದ ಜೊತೆ ಮಂಡಕ್ಕಿಯೂ ಸೇರಿದ ದಿನ ಹದಿನಾಲ್ಕು ಜನರಾದರು. ಜೀಪಿನ ಸುತ್ತ ಕೈ ಇಡಲು ಜಾಗವೇ ಇಲ್ಲ! ಇಬ್ಬರು ಸುಮ್ಮನೆ ಒಬ್ಬರ ಬೆನ್ನನ್ನೊಬ್ಬರು ತಳ್ಳುತ್ತಿದ್ದುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

"ರೀ, ನಿಮ್ ಜೀಪು ಡೀಸೆಲ್‌ನಾಗೆ ಓಡಲ್ಲ, ನನ್ ಚಾದಾಗೆ ಓಡ್ತೈತೆ. ಹಾಲಿನವಳನ್ನ ಕೇಳ್ರಿ ಬೇಕಾದ್ರೆ," ಎಂದರು ಅತ್ತೆ.

ಮಾವ ಯೋಚನೆ ಮಾಡಿದರು. ಅವರು ಯೋಚನೆ ಮಾಡಿದರೆಂದರೆ ನಮಗೆಲ್ಲ ಹೆದರಿಕೆ. ನಮ್ಮ ಚಳ್ಳಕೆರೆ ನಿಮಗೆ ಗೊತ್ತಲ್ಲ? ಗಾಳಿ ಯಾವ ಕಡೆಯಿಂದ ಬೀಸಿದರೂ ಶೇಂಗಾ ಎಣ್ಣೆಯ ವಾಸನೆ ಹೊತ್ತು ತರುವ ಊರು. ಎಣ್ಣೆ ಮಿಲ್ಲುಗಳದೇ ಕಾರುಬಾರು. "ಅಲ್ಲ, ಊರ ತುಂಬ ಎಣ್ಣೆ ಇಟ್ಕಂಡು ನಾವು ಅರಬ್ಬರ ಮುಂದೆ ಯಾಕ್ ಕೈ ಒಡ್ಡಬೇಕು?" ಎಂದು ಮಾವ ಕೇಳಿದರು. ಪ್ರಶ್ನೆ ಸರಿಯಾಗಿಯೇ ಇತ್ತು. ಶೇಂಗಾ ಎಣ್ಣೆ ಡೀಸೆಲ್ಲಿಗಿಂತ ಎಷ್ಟು ದುಬಾರಿ ಎಂದು ಅತ್ತೆ ನೆನಪಿಸಿದರು. ಮಾವ ಅದಕ್ಕೂ ತಯಾರಾಗಿದ್ದರು. ಮಿಲ್ಲಿನ ಯಜಮಾನರೊಬ್ಬರು ಪರಿಚಯದವರು; ಡಬ್ಬದ ತಳದಲ್ಲಿ ಉಳಿದ ಮಡ್ಡಿ ಎಣ್ಣೆಯನ್ನು ಪುಕ್ಕಟೆ ಕೊಡುತ್ತೇನೆಂದಿದ್ದರು. ಅದನ್ನು ಅತ್ತೆಯ ಹಳೆಯ ಸೀರೆಯಲ್ಲಿ ಸೋಸಿ, ಡೀಸೆಲ್ಲಿನ ಜೊತೆ ಅರ್ಧಕ್ಕರ್ಧ ಬೆರೆಸಿ, ಜೀಪಿಗೆ ಕುಡಿಸಿದರು.

ನಂಬುತ್ತೀರೋ ಇಲ್ಲವೋ, ಜೀಪು ಓಡಿತು! ಹೊಗೆಯೂ ಬಂತು. ಆದರೆ ಆ ಹೊಗೆಗೆ ಮಿರ್ಚಿ ಬಜ್ಜಿಯ ವಾಸನೆ!

ಆವತ್ತು ನಾನು ಬಿ.ಜಿ. ಕೆರೆಯ ಶಾಲೆಯಲ್ಲಿ ಮೂರನೆಯ ತರಗತಿಗೆ ಮಗ್ಗಿ ಹೇಳಿಸುತ್ತಿದ್ದೆ. ಏಳೆಂಟಲ ಐವತ್ತಾರು ಎನ್ನುತ್ತಿದ್ದ ಮಕ್ಕಳು ಇದ್ದಕ್ಕಿದ್ದಂತೆ ಮೂಗು ಅರಳಿಸಿದರು. "ಟೀಚರ್, ಬಜ್ಜಿ!" ಎಂದು ಒಬ್ಬಳು ಕೂಗಿದ್ದೇ ತಡ, ಇಡೀ ತರಗತಿ ಕಿಟಕಿಗೆ ಹೋಯಿತು. ರಸ್ತೆಯಲ್ಲಿ ಮಾವನ ಜೀಪು ಗಂಭೀರವಾಗಿ ಸಾಗುತ್ತಿತ್ತು. ಅದರ ಹಿಂದೆ ಊರಿನ ನಾಯಿಗಳು, ನಾಯಿಗಳ ಹಿಂದೆ ನಾಲ್ಕಾರು ಜನ. ಒಬ್ಬ ಮುದುಕರಂತೂ ಜೀಪಿಗೆ ಕೈ ಅಡ್ಡ ಹಿಡಿದು ನಿಲ್ಲಿಸಿ, "ಎರಡು ರೂಪಾಯಿಗೆ ಕಟ್ಟಪ್ಪ, ಚಟ್ನಿ ಜಾಸ್ತಿ ಇರ್ಲಿ" ಎಂದರಂತೆ!

ನಾಲ್ಕನೆಯ ದಿನ ಜೀಪಿನ ಗಂಟಲು ಕಟ್ಟಿತು. ಮೆಕ್ಯಾನಿಕ್ಕು ಪೈಪು ಬಿಚ್ಚಿ, ಒಳಗಿನಿಂದ ಮೇಣದಂಥ ಗಷ್ಟನ್ನು ತೆಗೆದು ಅಂಗೈಯಲ್ಲಿ ಹಿಡಿದು, ಬಹಳ ವಿನಯದಿಂದ ಕೇಳಿದ: "ಸಾಹೇಬ್ರೇ, ಇದಕ್ಕೆ ಮೊದ್ಲು ಸಾಸಿವೆ ಹಾಕಿದ್ರೋ, ಕರಿಬೇವೋ?"

ಜೀಪು ಹೋಯಿತು. ಹೊಸ ಶತಮಾನ ಬಂತು. ಹೊಸ ಶತಮಾನದ ಜೊತೆ ಮಾವನಿಗೆ ಹೊಸ ದೇವರು ಸಿಕ್ಕಿದರು: ಗ್ಯಾಸು! ಎಲ್ಲಿಂದಲೋ ಹಳೆಯ ಮಾರುತಿ ವ್ಯಾನೊಂದನ್ನು ತಂದು, ಅದಕ್ಕೆ ಗ್ಯಾಸಿನಲ್ಲಿ ಓಡುವ ಕಿಟ್ಟನ್ನು ಹಾಕಿಸಿದರು. ಆಗ ಎಷ್ಟೋ ಜನ ಹೀಗೆ ಮಾಡಿಕೊಂಡಿದ್ದರು. ಸಿಲಿಂಡರು ಯಾವುದು ಎಂದು ಕೇಳುತ್ತೀರಾ? ಅತ್ತೆಯ ಅಡುಗೆಮನೆಯದೇ! ಅದು ತಪ್ಪು, ಅಪಾಯ ಎರಡೂ ಹೌದು ಎಂದು ನಾನು ಟೀಚರಿನ ಧಾಟಿಯಲ್ಲಿ ಹೇಳಿದೆ. "ನೀನು ಮಕ್ಕಳಿಗೆ ಪಾಠ ಮಾಡವ್ವ, ಮಾವನಿಗೆ ಬ್ಯಾಡ" ಎಂದರು.

ಅತ್ತೆಯ ಪಾಡು ಕೇಳಬೇಡಿ. ಬೇಳೆ ಅರ್ಧ ಬೆಂದಿರುತ್ತಿತ್ತು. ಮಾವನಿಗೆ ದೊಡ್ಡಉಳ್ಳಾರ್ತಿಯಿಂದ ಮೋಟರು ಕೆಟ್ಟಿತೆಂದು ಫೋನು ಬರುತ್ತಿತ್ತು. ಸಿಲಿಂಡರನ್ನು ಬಿಚ್ಚಿ, ಹೆಗಲಿಗೇರಿಸಿ, ವ್ಯಾನಿನ ಹಿಂದಕ್ಕೆ ಹಾಕಿಕೊಂಡು ಹೊರಟೇಬಿಡುತ್ತಿದ್ದರು. ಉಳಿದ ಅರ್ಧ ಬೇಳೆ ಬೇಯಬೇಕಾದರೆ ದೊಡ್ಡಉಳ್ಳಾರ್ತಿಯ ಮೋಟರು ರಿಪೇರಿಯಾಗಬೇಕು! "ಇವತ್ತು ಏನಡಿಗೆ ಅತ್ತೆ?" ಎಂದು ನಾನು ಕೇಳಿದರೆ, "ಅಡಿಗೆ ಊರಿಗೆ ಹೋಗೈತೆ ಕಣವ್ವ, ಸಂಜಿಕೆ ಬರ್ತೈತೆ" ಎನ್ನುತ್ತಿದ್ದರು.

ಈ ಗ್ಯಾಸ್ ಪರ್ವ ಮುಗಿದದ್ದು ಮೊಳಕಾಲ್ಮೂರಿನ ಕಡೆಯ ಸಿದ್ದಾಪುರದಲ್ಲಿ. ಅಲ್ಲಿ ಮಾವನ ದೂರದ ನೆಂಟರೊಬ್ಬರು ಬಂಡೆಗುಡ್ಡದ ಬುಡದಲ್ಲಿ ಮನೆ ಕಟ್ಟಿಸಿದ್ದರು. ಗೃಹಪ್ರವೇಶಕ್ಕೆ ನಾವೆಲ್ಲ ವ್ಯಾನಿನಲ್ಲಿ ಹೋದೆವು. ಅತ್ತೆ ಒಂದು ಸ್ಟೀಲ್ ಬಿಂದಿಗೆಯನ್ನು ಉಡುಗೊರೆಗೆಂದು ತಂದಿದ್ದರು. ವ್ಯಾನು ನಿಂತಿತು. ಮನೆಯವರು ಆದರದಿಂದ ಬಂದು ಹಿಂದಿನ ಬಾಗಿಲು ತೆಗೆದರು. ಸಿಲಿಂಡರು ಕಂಡಿತು! ಆ ಮನೆಯೊಡತಿ ಗ್ಯಾಸಿಗೆ ಹೆಸರು ಬರೆಸಿ ಎಷ್ಟು ಕಾಲದಿಂದ ಕಾಯುತ್ತಿದ್ದರೋ ಪಾಪ. ಎರಡೂ ಕೈ ಕೆನ್ನೆಗಿಟ್ಟುಕೊಂಡು ಕೂಗಿದರು:

"ಅಯ್ಯೋ ಅಣ್ಣಾ! ಇಷ್ಟು ದೊಡ್ಡ ಮನಸ್ಸಾ ನಿಂದು! ಏನ್ರೀ, ಬರ್ರಿ ಇಲ್ಲಿ, ಅಣ್ಣ ನಮಗೆ ಗ್ಯಾಸು ತಂದಾನೆ!"

ಮಾವ ಬಾಯಿ ತೆರೆದರು. ಅಷ್ಟರಲ್ಲಿ ಇಬ್ಬರು ಗಂಡಸರು ಪೈಪು ಬಿಚ್ಚಿ ಸಿಲಿಂಡರನ್ನು ಇಳಿಸಿಯಾಗಿತ್ತು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿದರು, ಹೂವಿನ ಸರ ಹಾಕಿದರು, ಆರತಿ ಎತ್ತಿ ಒಳಗೆ ಕರೆದುಕೊಂಡು ಹೋದರು. ಮನೆಯೊಡತಿಯ ಕಣ್ಣಲ್ಲಿ ನೀರು. ಮಾವನ ಕಣ್ಣಲ್ಲೂ ನೀರು, ಕಾರಣ ಮಾತ್ರ ಬೇರೆ! ಅತ್ತೆ ಸೀರೆಯ ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ತಿರುಗಿ ನಿಂತಿದ್ದರು. ಭುಜ ಕುಲುಕುತ್ತಿತ್ತು.

ವ್ಯಾನಿಗೆ ಪೆಟ್ರೋಲ್ ಟ್ಯಾಂಕು ಇತ್ತಲ್ಲ, ಅದರಲ್ಲಿ ಬರಬಹುದಿತ್ತಲ್ಲ ಎನ್ನುತ್ತೀರಿ. ಇತ್ತು, ಟ್ಯಾಂಕು ಇತ್ತು. ವ್ಯಾನು ಕೊಂಡಂದಿನಿಂದ ಅದರೊಳಗೆ ಒಂದು ಹನಿ ಬಿದ್ದಿರಲಿಲ್ಲ. ನಾವೆಲ್ಲ ಬಸ್ಸಿನಲ್ಲಿ ಮನೆಗೆ ಬಂದೆವು. ತಂದ ಬಿಂದಿಗೆ ಅತ್ತೆಯ ತೊಡೆಯ ಮೇಲೇ ಇತ್ತು.

ಇದಾದ ಮೇಲೆ ಮಾವ ಕೆಲವು ದಿನ ಮಂಕಾದರು. ಸಿಲಿಂಡರು ಹೋದ ವ್ಯಾನನ್ನು ಬಂದ ಬೆಲೆಗೆ ಮಾರಿದರು. ಆಗಲೇ ಪೇಪರಿನಲ್ಲಿ ಒಂದು ಲೇಖನ ಬಂತು. ಜಪಾನಿನವರು ಒಂದು ಕಾರು ಮಾಡಿದ್ದಾರಂತೆ. ಒಂದು ಹೊಟ್ಟೆಗೆ ಪೆಟ್ರೋಲು, ಇನ್ನೊಂದು ಹೊಟ್ಟೆಗೆ ಕರೆಂಟು. ಬ್ರೇಕು ಒತ್ತಿದರೂ ಬ್ಯಾಟರಿ ತುಂಬುತ್ತದಂತೆ! ಮಾವ ಆ ಪೇಪರನ್ನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ವಾರವಿಡೀ ಓಡಾಡಿದರು. ಅಂಗಡಿಯ ಮುಂದಿನ ಬೇವಿನ ಮರದ ಕೆಳಗೆ ಮೋಟರು ತಂದ ರೈತರು ಕಾಯುತ್ತ ಕುಳಿತಿರುತ್ತಾರಲ್ಲ, ಅವರಿಗೆ ಓದಿ ಹೇಳಿದರು.

"ಇದಕ್ಕೆ ಹೈಬ್ರಿಡ್ ಅಂತಾರೆ. ಮುಂದೆ ಎಲ್ಲಾ ಹೈಬ್ರಿಡ್ಡೇ."

"ಬ್ಯಾಡ ಮಾರಾಯ," ಎಂದರು ಒಬ್ಬ ಹಿರಿಯರು, ಎಲೆಅಡಿಕೆಯನ್ನು ಕೆನ್ನೆಯ ಆಚೆಗೆ ದೂಡಿ. "ನಾನು ಹೈಬ್ರಿಡ್ ಹಾಕಿ ಕೈ ಸುಟ್ಕಂಡೀನಿ. ನೋಡಾಕೆ ತೆನೆ ದಪ್ಪ, ರೊಟ್ಟಿ ಮಾಡಿದ್ರೆ ರುಚಿ ಇಲ್ಲ. ಹಕ್ಕಿನೂ ಮುಟ್ಟಲ್ಲ. ಜೋಳ ಅಂದ್ರೆ ನಾಟಿ ಜೋಳನೇ."

"ಜೋಳ ಅಲ್ಲ ಗೌಡ್ರೇ, ಕಾರು!"

"ಕಾರಾದ್ರೂ ಅಷ್ಟೇ. ನಾಟಿ ತಗಳಪ್ಪ."

ಆ ಕಾರು ಇಲ್ಲಿ ಸಿಗುವುದಿಲ್ಲ ಎಂಬುದು ಮಾವನಿಗೆ ದೊಡ್ಡ ಅಡ್ಡಿಯಾಗಿ ಕಾಣಲಿಲ್ಲ. ಸಿಕ್ಕರೆ ಲಾಭವೋ ನಷ್ಟವೋ ನೋಡಿಬಿಡೋಣ ಎಂದು ನನ್ನನ್ನು ಕೂರಿಸಿಕೊಂಡರು. ಕಾರಿಗೆ ಹೆಚ್ಚು ಕೊಟ್ಟ ದುಡ್ಡು ಇಂಧನದ ಉಳಿತಾಯದಿಂದ ವಾಪಸು ಬರಲು ಎಷ್ಟು ವರ್ಷ ಬೇಕು? ನಾನು ಮಾಡಿದ ಲೆಕ್ಕದ ಪ್ರಕಾರ, ಮಾವ ನೂರ ಮೂವತ್ತು ವರ್ಷ ಬದುಕಬೇಕಿತ್ತು, ಅದೂ ದಿನಾ ಕಾರು ಓಡಿಸುತ್ತ! ಮಾವ ಗಲ್ಲ ಕೆರೆದುಕೊಂಡು, "ನಮ್ಮ ತಾತ ತೊಂಬತ್ತೆಂಟಕ್ಕೆ ಹೋದ್ರು..." ಎಂದು ಯೋಚನೆಗೆ ಬಿದ್ದರು. ಸಾಧ್ಯ ಎಂದೇ ಅವರ ಲೆಕ್ಕ!

"ನೀವು ಇರ್ರಿ ಅಷ್ಟು ದಿನ. ನಾನು ಮುಂದಿನ ಜನ್ಮದಾಗೆ ಬಂದು ಹತ್ತಿ ಕೂರ್ತೀನಿ," ಎಂದರು ಒಳಗಿನಿಂದ ಅತ್ತೆ.

ಮಾವ ಕೊನೆಗೆ ಹಳೆಯ ದೇವರಿಗೇ ಶರಣಾದರು. ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರೊಂದು ಮನೆಗೆ ಬಂತು. ಈ ಸಲ ತಳ್ಳುವ ಕೆಲಸವಿರಲಿಲ್ಲ, ಬಜ್ಜಿಯ ವಾಸನೆ ಇರಲಿಲ್ಲ. ಅದೇ ವರ್ಷ ಅತ್ತೆಯ ಕಾಲು ಊದಿಕೊಳ್ಳತೊಡಗಿತು. ಮೂತ್ರಪಿಂಡ ಎರಡೂ ಸೋತಿವೆ ಎಂದು ಡಾಕ್ಟರು ಹೇಳಿದರು. ವಾರಕ್ಕೆರಡು ಸಲ ದಾವಣಗೆರೆಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕು. "ದೂರದ ದಾರಿಗೆ ಡೀಸೆಲ್ಲೇ ಸರಿ. ಒಳ್ಳೆ ಟೈಮಿಗೆ ತಗಂಡೆ" ಎಂದಷ್ಟೇ ಅಂದರು ಮಾವ. ಲೆಕ್ಕ ಸರಿಯಾಗಿಯೇ ಇತ್ತು. ಬಹುಶಃ ಅವರ ಜೀವನದಲ್ಲಿ ಸರಿಯಾದ ಮೊದಲ ಲೆಕ್ಕ.

ಒಂದು ಶನಿವಾರ ಶಾಲೆ ಬೇಗ ಬಿಟ್ಟಿತ್ತು. ಜೊತೆಗೆ ನಾನೂ ಹೋದೆ. ಚಿತ್ರದುರ್ಗ ದಾಟಿದ ಮೇಲೆ ಮಾವ ರಸ್ತೆ ಬದಿಯ ಹೋಟೆಲಿನ ಮುಂದೆ ಕಾರು ನಿಲ್ಲಿಸಿ ಚಹಾ ತರಲು ಇಳಿದರು. ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕುಳಿತಿದ್ದ ಅತ್ತೆ ಮುಷ್ಟಿ ಬಿಡಿಸಿದರು. ಒಳಗೆ ನಿಂಬೆಹಣ್ಣು ಇತ್ತು. ಉಗುರಿನಿಂದ ಗೀರಿ ಗೀರಿ ಸಿಪ್ಪೆಯೇ ಉಳಿದಿರಲಿಲ್ಲ. ಅದನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಉಸಿರೆಳೆದುಕೊಂಡರು. ಮುಖ ಬಿಳಿಚಿಕೊಂಡಿತ್ತು.

"ಯಾಕತ್ತೆ? ಸಂಕಟ ಆಗ್ತೈತಾ?"

"ಈ ಡೀಸೆಲ್ ಹೊಗೆ ವಾಸನೆ ಕಣವ್ವ. ನಂಗೆ ಮೊದ್ಲಿಂದ ಆಗಲ್ಲ. ಜೀಪಿನಾಗೆ ಆಗ್ತಿತ್ತು. ಆ ಗ್ಯಾಸಿನ ವ್ಯಾನಿನಾಗಂತೂ ಕರುಳೇ ಬಾಯಿಗೆ ಬರ್ತಿತ್ತು. ಸ್ಕೂಟರು ಎಷ್ಟೋ ವಾಸಿ, ಗಾಳಿ ಆಡ್ತಿತ್ತು."

ಎಷ್ಟು ವರ್ಷದ ಪಯಣಗಳು! ಎಷ್ಟು ಮದುವೆ, ಎಷ್ಟು ನಾಮಕರಣ! ಗಾಡಿ ಹತ್ತಿದ ಮೇಲೆ ಅತ್ತೆ ಮಾತು ಕಡಿಮೆ ಮಾಡುತ್ತಿದ್ದುದನ್ನು ನಾವು ಯಾರೂ ಗಮನಿಸಿರಲಿಲ್ಲ.

"ಮಾವನಿಗೆ ಹೇಳಬಾರದಾ?"

ಅತ್ತೆ ನಕ್ಕರು. "ಹೊಸಾ ಗಾಡಿ ತಂದ ದಿನ ಅವರ ಮುಖ ನೋಡಿದೀಯಲ್ಲ? ಇಷ್ಟುಳಿಸಿದೆ, ಅಷ್ಟುಳಿಸಿದೆ ಅಂತ ಹುಡುಗರಂಗೆ ಕುಣಿತಾರೆ. ಅಂಥಾ ಮುಖ ನೋಡ್ಕಂಡು ನಂಗೆ ವಾಂತಿ ಬರ್ತೈತೆ ಅನ್ನಾಕೆ ಮನಸು ಬರಲಿಲ್ಲ ಕಣವ್ವ."

ನಾನು ತಲೆ ಎತ್ತಿದೆ. ಕಿಟಕಿಯ ಹೊರಗೆ ಮಾವ ನಿಂತಿದ್ದರು. ಎರಡು ಕೈಯಲ್ಲಿ ಮೂರು ಲೋಟ ಚಹಾ. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ. ನಮ್ಮಿಬ್ಬರಿಗೂ ಲೋಟ ಕೊಟ್ಟರು. ತಮ್ಮದನ್ನು ಕುಡಿಯದೆ ರಸ್ತೆಯ ಪಕ್ಕಕ್ಕೆ ಚೆಲ್ಲಿದರು. ದಾವಣಗೆರೆಯ ತನಕ, ಅಲ್ಲಿಂದ ವಾಪಸು ಚಳ್ಳಕೆರೆಯ ತನಕ, ನಾಲ್ಕೂ ಕಿಟಕಿ ಇಳಿಸಿಯೇ ಓಡಿಸಿದರು.

ಬುಧವಾರದ ಹೊತ್ತಿಗೆ ಮನೆಯ ಮುಂದೆ ಒಂದು ಚಿಕ್ಕ ಬಿಳಿ ಕಾರು ನಿಂತಿತ್ತು. ಪೆಟ್ರೋಲ್ ಕಾರು! ಬೀದಿಗೆ ಬೀದಿಯೇ ಬಂದು ನೋಡಿತು. ಬೇವಿನ ಮರದ ಕೆಳಗಿನವರಿಗಂತೂ ಹಬ್ಬ. "ಪೆಟ್ರೋಲಾ? ನೀವಾ? ಈ ದರದಾಗಾ?" ಎಂದು ಒಬ್ಬರು ಕೆಣಕಿದರು. ಮಾವ ಬಾನೆಟ್ ಎತ್ತಿ ತೋರಿಸಲಿಲ್ಲ. "ಬಣ್ಣ ಚೆನ್ನಾಗಿತ್ತು, ತಗಂಡೆ" ಎಂದು ಒಳಗೆ ಹೋಗಿಬಿಟ್ಟರು. ಅವರಿಬ್ಬರ ನಡುವೆ ಆ ವಿಷಯ ಒಂದು ದಿನವಾದರೂ ಮಾತಿಗೆ ಬಂತೋ ಇಲ್ಲವೋ, ನನಗೆ ಗೊತ್ತಿಲ್ಲ. ಆಮೇಲೆ ಅತ್ತೆ ನಾಲ್ಕು ವರ್ಷ ಇದ್ದರು. ನಾಲ್ಕು ವರ್ಷವೂ ಅದೇ ಕಾರಿನಲ್ಲಿ ಓಡಾಡಿದರು.

ಆ ಕಾರಿನಲ್ಲಿ ಅವರು ಮೊದಲ ಸಲ ದಾವಣಗೆರೆಗೆ ಹೋಗಿಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಸಂಜೆ ಆರು ಗಂಟೆಯಿರಬಹುದು. ಅವರಿಗೆಂದು ಮೆತ್ತಗೆ ಅನ್ನ ಮಾಡಿ, ಉಪ್ಪು ಕಡಿಮೆ ಹಾಕಿ ಸಾರು ಕಾಯಿಸಿ ತೆಗೆದುಕೊಂಡು ಹೋದೆ. ಕಾರು ಮನೆಯ ಮುಂದೆಯೇ ನಿಂತಿತ್ತು. ಆದರೆ ಇಂಜಿನ್ನು ಆನಾಗಿಯೇ ಇತ್ತು. ಮನೆಗೆ ಬೀಗ. ಏನಾಯಿತೋ ಎಂದು ಗಾಬರಿಯಿಂದ ಹತ್ತಿರ ಹೋದೆ. ಮುಂದಿನ ಸೀಟಿನಲ್ಲಿ ಅತ್ತೆ, ತಲೆಯನ್ನು ಮಾವನ ಭುಜಕ್ಕೆ ಒರಗಿಸಿ, ಬಾಯಿ ಸ್ವಲ್ಪ ತೆರೆದು, ಗಾಢ ನಿದ್ದೆಯಲ್ಲಿದ್ದರು. ಮಾವ ಎರಡೂ ಕೈ ಸ್ಟಿಯರಿಂಗಿನ ಮೇಲಿಟ್ಟು ಅಲುಗಾಡದೆ ಕುಳಿತಿದ್ದರು. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟರು.

"ಯಾವಾಗ ಬಂದ್ರಿ ಮಾವ?" ಎಂದು ಪಿಸುಗುಟ್ಟಿದೆ.

"ಆಗಲೇ. ಚಿತ್ರದುರ್ಗದತಾವ ಕಣ್ಣು ಮುಚ್ಚಿದ್ದು. ಗಾಡಿಯಾಗೆ ಇವಳು ನಿದ್ದೆ ಮಾಡಿದ್ದು ನಾನು ನೋಡೇ ಇಲ್ಲ ಕಣವ್ವ." ಕೀಲಿಯ ಕಡೆ ಕಣ್ಣು ಹೊರಳಿಸಿ ಹೇಳಿದರು, "ಇಂಜಿನ್ ನಿಂತ್ರೆ ಎಚ್ಚರಾಗ್ತಾಳೆ."

ನಾನು ಸಾರಿನ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯ ಮೇಲೆ ಕುಳಿತೆ. ಬೀದಿದೀಪ ಹತ್ತಿತು. ಸಾರು ಆರಿತು. ಮುಕ್ಕಾಲು ಗಂಟೆ ಆ ಕಾರು ಎಲ್ಲಿಗೂ ಹೋಗದೆ, ಮೆತ್ತಗೆ ಗುರುಗುಡುತ್ತ, ಅಲ್ಲೇ ನಿಂತಿತ್ತು.